ಎರಡನೆಯ ದನಿ

ನಾವು ಎಸ್ಸೆಸ್ಸೆಲ್ಸಿ ಮುಗಿಸಿ 2025ಕ್ಕೆ 30 ವರ್ಷವಾಯಿತು. ಆ ನೆಪದಲ್ಲಿ ಮಂಡ್ಯದಲ್ಲೊಂದು ಗುರುವಂದನೆ ಇಟ್ಟುಕೊಳ್ಳಬೇಕೆಂದು ಒಂದಿಬ್ಬರು ಉತ್ಸಾಹಿಗಳು ಹಳೆಯ ಸಹಪಾಠಿಗಳ ನಂಬರುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ವಾಟ್ಸಾಪ್ ಗುಂಪು ಕಟ್ಟಿದರು. ಮೈಸೂರು ಸೇರಿ ಎಷ್ಟೋ ಕಾಲವಾಗಿದ್ದ ನನ್ನನ್ನೂ ಅದರೊಳಗೆ ಎಳೆದುಕೊಂಡರು. ಯಾರ ತಲೆ ಬೋಳಾಗಿದೆ, ಯಾರ ಮಗಳು ಪಿಯುಸಿ, ಯಾವ ಮೇಷ್ಟ್ರು ಇನ್ನೂ ಬದುಕಿದ್ದಾರೆ, ಶಾಲು ಎಷ್ಟು ತರಬೇಕು ಎಂಬ ಮಾತುಗಳಲ್ಲಿ ಮೊದಲ ವಾರ ಕಳೆಯಿತು. ಆಮೇಲೊಂದು ರಾತ್ರಿ ಒಬ್ಬ ಹಳೆಯ ಫೋಟೋ ಹಾಕಿದ. ಒಂಬತ್ತನೆಯ ತರಗತಿಯಲ್ಲಿ ನಮ್ಮನ್ನೆಲ್ಲ ಕೆಆರ್‌ಎಸ್‌ಗೆ ಕರೆದುಕೊಂಡು ಹೋಗಿದ್ದಾಗ ಬೃಂದಾವನದ ಮೆಟ್ಟಿಲ ಮೇಲೆ ನಿಲ್ಲಿಸಿ ತೆಗೆದದ್ದು. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು ಹೇಳುವ ಆಟ ಶುರುವಾಯಿತು. ಹಿಂದಿನ ಸಾಲಿನ ಕೊನೆಗೆ, ಒಂದು ಹೆಗಲು ಚಿತ್ರದಿಂದ ಹೊರಗೇ ಉಳಿದಂತೆ ನಿಂತಿದ್ದ ಹುಡುಗನ ಹತ್ತಿರ ಬಂದಾಗ ಆಟ ನಿಂತಿತು. 'ಅದು ಮಡ್ಡಿ ಅಲ್ವಾ?' ಎಂದು ಒಬ್ಬ ಬರೆದ. ಸಾಲಾಗಿ ನಗುವ ಮುಖಗಳು ಬಂದವು. 'ಪಾಪ, ಅವನ ನಿಜವಾದ ಹೆಸರೇನು?' ಎಂದು ಇನ್ನೊಬ್ಬರು ಕೇಳಿದ್ದಕ್ಕೆ, 'ಹಾಜರೀಲೂ ಮಡ್ಡಿ ಅಂತಾನೇ ಕೂಗ್ತಿದ್ರಪ್ಪ' ಎಂಬ ಉತ್ತರ ಬಂತು. ಮತ್ತೆ ನಗುವ ಮುಖಗಳು.

ನನಗೆ ಆ ಹೆಸರು ಗೊತ್ತಿತ್ತು. ಬೆರಳಿನಿಂದ ಒತ್ತಿ ಪೂರ್ತಿ ಬರೆದೆ, ಓದಿಕೊಂಡೆ, ಅಳಿಸಿದೆ. ಸುಮ್ಮನೆ ಒಂದು ಹೆಸರನ್ನು ಹೇಳುವುದರಲ್ಲಿ ಅಂಥದ್ದೇನಿದೆ? ಯಾರನ್ನೂ ಬೈಯಬೇಕಾಗಿರಲಿಲ್ಲ, ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ನಗುತ್ತಿರುವವರ ನಡುವೆ ನಗದವನೊಬ್ಬನಾಗಿ ಕಾಣಿಸಿಕೊಳ್ಳಬೇಕಾಗಿತ್ತು, ಅಷ್ಟೆ. 46ನೆಯ ವಯಸ್ಸಿನಲ್ಲಿ, ನನ್ನದೇ ಮನೆಯ ಜಗುಲಿಯಲ್ಲಿ ಕುಳಿತು, ಅದು ನನ್ನಿಂದ ಆಗಲಿಲ್ಲ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಬೆಲ್ಲದ ವಾಸನೆ

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯತೊಡಗಿದಾಗ ಅದರಲ್ಲಿರುವ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಹೊರಗೆ ಚೆಲ್ಲುತ್ತಾರೆ. ಅದು ಮಡ್ಡಿ. ನಮ್ಮ ಕಡೆ ಬುದ್ಧಿ ಮಂದವಾದವನನ್ನೂ ಆ ಮಾತಿನಿಂದಲೇ ಕರೆಯುವುದುಂಟು. ಅವನ ಅಪ್ಪ ಊರಾಚೆಯ ಒಂದು ಆಲೆಮನೆಯಲ್ಲಿ ಕೂಲಿಗಿದ್ದರು, ಅವನಿಗೆ ಲೆಕ್ಕದಲ್ಲಿ ಅಂಕಗಳು ಬರುತ್ತಿರಲಿಲ್ಲ. ಹೀಗಾಗಿ ಒಂದೇ ಹೆಸರು ಎರಡು ಕಡೆಯಿಂದಲೂ ಅವನಿಗೆ ಹೊಂದಿತು. ಅದನ್ನು ಮೊದಲು ಇಟ್ಟವರು ಯಾರೆಂದು ನನಗೆ ನೆನಪಿಲ್ಲ. ಆದರೆ ಅದು ಗಟ್ಟಿಯಾದ ದಿನ ನೆನಪಿದೆ. ಕಿರುಪರೀಕ್ಷೆಯ ಪತ್ರಿಕೆಗಳನ್ನು ಹಂಚುತ್ತಿದ್ದ ಮೇಷ್ಟ್ರೊಬ್ಬರು, ನಾವು ಪಿಸುಗುಡುತ್ತಿದ್ದುದು ಕಿವಿಗೆ ಬಿದ್ದಿರಬೇಕು, 'ತಗೊಳ್ಳಯ್ಯ ಮಡ್ಡೀ, ಈ ಸಲ ಪರವಾಗಿಲ್ಲ' ಎಂದರು. ಅವರದು ಕೆಟ್ಟ ಮನಸ್ಸಾಗಿರಲಿಲ್ಲ, ಹುಡುಗರೊಂದಿಗೆ ಸಲಿಗೆಯಿಂದಿರುವ ಮೇಷ್ಟ್ರೆಂದು ಅವರಿಗೆ ಹೆಸರಿತ್ತು. ಅಂದು ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅವನೂ ನಕ್ಕ. ಅಲ್ಲಿಂದ ಮುಂದೆ ಆ ಹೆಸರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಈಗ ಯೋಚಿಸಿದರೆ ಮಂಡ್ಯದ ಹುಡುಗರು ಬೆಲ್ಲದ ವಾಸನೆಗೆ ಮೂಗು ಮುಚ್ಚಿಕೊಂಡದ್ದು ವಿಚಿತ್ರವಾಗಿ ಕಾಣುತ್ತದೆ. 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾದಂದಿನಿಂದ ಕಬ್ಬು ಅರೆಯುವ ಕಾಲ ಬಂತೆಂದರೆ ಇಡೀ ಊರಿಗೆ ಕಾಕಂಬಿಯ ವಾಸನೆ ಹಿಡಿಯುತ್ತಿತ್ತು, ನಮ್ಮ ಅಂಗಿಗಳಿಗೂ ಹಾಸಿಗೆಗಳಿಗೂ ಅದೇ ಇರುತ್ತಿತ್ತು. ನಮ್ಮಪ್ಪ ಅಂಥದ್ದೇ ಕಾರ್ಖಾನೆಯೊಂದರ ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತರಾಗಿದ್ದರು. ನಾನು ತಿಂದ ಅನ್ನವೂ ಅವನು ತಿಂದ ಮುದ್ದೆಯೂ ಒಂದೇ ಬೆಳೆಯಿಂದ ಬಂದವು. ಆದರೆ ವಾಸನೆಯ ಮಾತಾಡುವಾಗ ನಾವು ಮೂಗಿಗೆ ಬಿದ್ದದ್ದನ್ನು ಹೇಳುತ್ತಿರಲಿಲ್ಲ. ಯಾರ ಮನೆಯಲ್ಲಿ ನೀರು ಕುಡಿಯಬಹುದು, ಯಾರ ಮನೆಯಲ್ಲಿ ಕೂಡದು ಎಂದು ದೊಡ್ಡವರ ಬಾಯಲ್ಲಿ ಕೇಳಿದ್ದೇ ಅಲ್ಲಿ ವೇಷ ಮರೆಸಿಕೊಂಡು ಬರುತ್ತಿತ್ತು. ಅದು ನಮಗೆ ತಿಳಿದಿರಲಿಲ್ಲವೆಂದು ನುಣುಚಿಕೊಳ್ಳುವಂತಿಲ್ಲ. ಬಿಡಿಸಿ ಹೇಳಲು ಬರುತ್ತಿರಲಿಲ್ಲ, ತಿಳಿದಂತೂ ಇತ್ತು.

ನಾವು ಮಾಡುತ್ತಿದ್ದುದಕ್ಕೆ ನಮ್ಮ ಬಾಯಲ್ಲಿದ್ದ ಪದ 'ರೇಗಿಸೋದು'. ಈ ಪದದೊಳಗೇ ಒಂದು ಮೋಸವಿದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ರೇಗಿಸುವುದೆಂದರೆ ಇನ್ನೊಬ್ಬನಿಗೆ ರೇಗುವಂತೆ ಮಾಡುವುದು; ಮಾಡಿದವನ ಕೆಲಸವನ್ನು ಅದು ಹೇಳುವುದೇ ಇಲ್ಲ, ಅನುಭವಿಸಿದವನಿಗೆ ಏನಾಯಿತೆಂಬುದನ್ನಷ್ಟೇ ಹೇಳುತ್ತದೆ. ಅವನು ರೇಗಿದರೆ 'ತಮಾಷೆಗೆ ಅಂದ್ರೆ ಇವನಿಗ್ಯಾಕೆ ಸಿಟ್ಟು?' ಎಂದು ತಪ್ಪು ಅವನ ತಲೆಗೇ ಬರುತ್ತಿತ್ತು. ರೇಗದಿದ್ದರೆ 'ಅವನಿಗೇ ಬೇಜಾರಿಲ್ಲ, ನಿನಗೇನು?' ಎಂದು ಕೇಳಿದವರ ಬಾಯಿ ಮುಚ್ಚುತ್ತಿತ್ತು. ಅವನು ಎರಡನೆಯ ದಾರಿ ಹಿಡಿದಿದ್ದ. ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ.

ಸಂಕ್ರಾಂತಿಯ ಹಿಂದಿನ ವಾರ

1994ರ ಜನವರಿಯಲ್ಲಿ ಎಳ್ಳುಬೆಲ್ಲಕ್ಕೆ ಅಚ್ಚುಬೆಲ್ಲ ತರಲು ನಮ್ಮ ಚಿಕ್ಕಪ್ಪನ ಜೊತೆ ಸೈಕಲ್ಲಿನಲ್ಲಿ ಹೋದ ಆಲೆಮನೆ ಅವನಪ್ಪ ಕೆಲಸ ಮಾಡುತ್ತಿದ್ದದ್ದೇ ಆಗಿತ್ತು. ಅವನು ಒಲೆಯ ಬಾಯಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಳಗೆ ತಳ್ಳುತ್ತಿದ್ದ. ಉರಿ ಹೆಚ್ಚಾದರೆ ಪಾಕ ಸೀಯುತ್ತದೆ, ಕಡಿಮೆಯಾದರೆ ಕಟ್ಟುವುದಿಲ್ಲ. ಕೊಪ್ಪರಿಗೆಯ ಹತ್ತಿರ ನಿಂತವರು ಕೂಗಿದ ಒಂದೊಂದು ಮಾತಿಗೂ ಅವನ ಕೈ ಬೇರೆ ಬೇರೆ ವೇಗದಲ್ಲಿ ಆಡುತ್ತಿದ್ದುದನ್ನು ನಾನು ನಿಂತು ನೋಡಿದೆ. ತರಗತಿಯಲ್ಲಿ ಎದ್ದು ನಿಂತರೆ ಉತ್ತರ ಹೇಳಲಾಗದೆ ಅಂಗೈ ಒರೆಸಿಕೊಳ್ಳುತ್ತಿದ್ದ ಹುಡುಗ ಇವನೇ ಎಂದು ನಂಬುವುದು ಕಷ್ಟವಾಯಿತು. ನನ್ನನ್ನು ಕಂಡವನೇ ಹೆಸರು ಹಿಡಿದು ಕರೆದು, 'ಬಾ, ಕುಂತ್ಕೊ, ಬಿಸಿ ಬೆಲ್ಲ ತಿನ್ನು' ಎಂದು ಎಲೆಯ ಚೂರಿನ ಮೇಲೆ ಹಳದಿ ಪಾಕ ಹಾಕಿಸಿಕೊಟ್ಟ. ನಾಲಿಗೆ ಸುಟ್ಟುಕೊಂಡೆ. ಇಬ್ಬರೂ ನಕ್ಕೆವು. ಸುಮಾರು ಹೊತ್ತು ಕ್ರಿಕೆಟ್ಟಿನ ಮಾತಾಡಿದೆವು. ಹೊರಡುವಾಗ ಅವನು ಸೈಕಲ್ಲಿನ ಹತ್ತಿರ ಬಂದು ದನಿ ತಗ್ಗಿಸಿ, 'ನಾನು ಇಲ್ಲಿ ಒಲೆಗೆ ಹಾಕ್ತೀನಿ ಅಂತ ಇಸ್ಕೂಲಲ್ಲಿ ಯೋಳ್‌ಬ್ಯಾಡ ಕಣ್ಲಾ' ಎಂದ.

ನಾನು ಹೇಳಲಿಲ್ಲ. ಬಹಳ ವರ್ಷಗಳ ಕಾಲ ಇದನ್ನು ನನ್ನ ಲೆಕ್ಕದಲ್ಲಿ ಒಂದು ಪುಣ್ಯವೆಂದು ಬರೆದಿಟ್ಟುಕೊಂಡಿದ್ದೆ. ಒಬ್ಬಂಟಿಯಾಗಿ ಸಿಕ್ಕಾಗ ಅವನು ನನ್ನ ಗೆಳೆಯ. ನಾಲ್ಕು ಜನರ ನಡುವೆ ಇದ್ದಾಗ ಅವನು ಯಾರೋ. ಈ ಎರಡರ ನಡುವೆ ನನಗೆ ಯಾವ ತಿಕ್ಕಾಟವೂ ಕಾಣುತ್ತಿರಲಿಲ್ಲ. ಗೆಳೆತನವನ್ನು ಗುಟ್ಟಾಗಿ ಇಟ್ಟುಕೊಂಡರೆ ಅದಕ್ಕೆ ಖರ್ಚೇ ಇಲ್ಲವೆಂದು ನಾನು ಅಂದುಕೊಂಡಿದ್ದಿರಬೇಕು.

ಮೂಸಿ ದಾಟಿಸಿದ ಪುಸ್ತಕ

ಅದಾದ ಮೇಲೆ ಹೆಚ್ಚೆಂದರೆ ಒಂದು ತಿಂಗಳು ಕಳೆದಿರಬಹುದು. ಮಧ್ಯಾಹ್ನದ ಊಟದ ಬಿಡುವು ಮುಗಿದಿತ್ತು, ಮೇಷ್ಟ್ರು ಬಂದಿರಲಿಲ್ಲ. ಅವನ ವಿಜ್ಞಾನದ ರೆಕಾರ್ಡ್ ಪುಸ್ತಕ ಯಾರದೋ ಕೈಗೆ ಸಿಕ್ಕಿತು. ಚಿತ್ರ ಬಿಡಿಸುವುದರಲ್ಲಿ ಅವನದು ಒಳ್ಳೆಯ ಕೈ. ಈರುಳ್ಳಿ ಪೊರೆಯ ಕೋಶಗಳನ್ನು ಅವನಷ್ಟು ಅಚ್ಚುಕಟ್ಟಾಗಿ ಬರೆದವರು ತರಗತಿಯಲ್ಲಿ ಇರಲಿಲ್ಲ. ಆದರೆ ಪುಟದ ಅಂಚಿನಲ್ಲಿ ಕಂದು ಬಣ್ಣದ ಹೆಬ್ಬೆರಳ ಗುರುತೊಂದು ಅಂಟಿತ್ತು. ಕೊನೆಯ ಬೆಂಚಿನವನು ಅದನ್ನು ಮೂಸಿ, ಮೂಗು ಹಿಡಿದು, ತಲೆತಿರುಗಿದವನಂತೆ ನಟಿಸಿ ಪಕ್ಕದವನಿಗೆ ಕೊಟ್ಟ. ಅವನೂ ಹಾಗೇ ಮಾಡಿ ಮುಂದಕ್ಕೆ ದಾಟಿಸಿದ. ಇನ್ನೊಬ್ಬ ಡೆಸ್ಕಿನ ಮೇಲೆ ತಾಳ ಹಾಕತೊಡಗಿದ. ನಿಯಮ ಯಾರೂ ಹೇಳಲಿಲ್ಲ, ಎಲ್ಲರಿಗೂ ತಿಳಿಯಿತು: ಪುಸ್ತಕ ಬಂದಾಗ ಮೂಸಬೇಕು, ಮುಖ ಕಿವಿಚಬೇಕು, ದಾಟಿಸಬೇಕು. ಒಬ್ಬೊಬ್ಬರ ಪಾಲಿಗೆ ಬಂದದ್ದು ಮೂರು ಸೆಕೆಂಡಿನ ಕೆಲಸ. ಹಿಂಸೆಯನ್ನು ಇಷ್ಟು ಚಿಕ್ಕ ಚೂರುಗಳಾಗಿ ಹಂಚಿದರೆ ಯಾರ ಕೈಯಲ್ಲೂ ಭಾರ ಉಳಿಯುವುದಿಲ್ಲ. ನನ್ನ ಹತ್ತಿರ ಬಂತು. ನಾನು ಮೂಸಿದೆ, ಮುಖ ಕಿವಿಚಿದೆ, ದಾಟಿಸಿದೆ. ನಿಜ ಹೇಳಬೇಕೆಂದರೆ ಅದರಲ್ಲಿ ಬೆಲ್ಲದ ವಾಸನೆಯೂ ಇರಲಿಲ್ಲ, ಬರೀ ಕಾಗದದ ವಾಸನೆ.

ಪುಸ್ತಕ ಹುಡುಗಿಯರ ಸಾಲಿಗೆ ಹೋಯಿತು. ಅಲ್ಲಿ ಮೂರನೆಯವಳು ಅದನ್ನು ಮೂಸಲಿಲ್ಲ. ಮುಚ್ಚಿ ಮಡಿಲಲ್ಲಿಟ್ಟುಕೊಂಡು ಎದ್ದು ನಿಂತಳು. ಅವಳೇನೂ ಗಟ್ಟಿಗಿತ್ತಿಯೆಂದು ಹೆಸರಾದವಳಲ್ಲ; ಪಾಠ ಓದಲು ಎಬ್ಬಿಸಿದರೆ ಅವಳ ದನಿ ಎರಡನೆಯ ಬೆಂಚಿನಾಚೆಗೆ ಕೇಳುತ್ತಿರಲಿಲ್ಲ. 'ಸಾಕು ಬುಡ್ರೋ. ನಮ್ಮನೇಲೂ ಇದೇ ವಾಸ್ನೆ' ಎಂದಳು. ತಾಳ ನಿಂತಿತು. ನಿಜವಾಗಿಯೂ ಒಂದು ಗಳಿಗೆ ಇಡೀ ಕೋಣೆ ಏನು ಮಾಡಬೇಕೆಂದು ತೋಚದೆ ನಿಂತಿತ್ತು. ಅವಳು ಸುತ್ತ ನೋಡಿದಳು, ಆಮೇಲೆ ನೇರವಾಗಿ ನನ್ನ ಕಡೆ ನೋಡಿದಳು. ನನ್ನನ್ನೇ ಏಕೆ ಎಂದು ನನಗೆ ಗೊತ್ತಿದೆ: ಅವಳ ಮನೆ ಅದೇ ಆಲೆಮನೆಯ ದಾರಿಯಲ್ಲಿತ್ತು, ನಾನು ಅಲ್ಲಿ ಕುಳಿತು ಬೆಲ್ಲ ತಿನ್ನುತ್ತಿದ್ದುದನ್ನು ಅವಳು ಕಂಡಿದ್ದಳು. ನಾನು ಬಗ್ಗಿ ಪೆನ್ನಿನ ಮುಚ್ಚಳ ಹುಡುಕಿದೆ. ಮುಚ್ಚಳ ಪೆನ್ನಿನಲ್ಲೇ ಇತ್ತು.

ತಲೆ ಎತ್ತುವಷ್ಟರಲ್ಲಿ ಯಾರೋ 'ಓಹೋಹೋ, ಮಡ್ಡಿಗೆ ಜೋಡಿ ಸಿಕ್ತು!' ಎಂದು ಕೂಗಿದರು, ಹಿಡಿದಿಟ್ಟಿದ್ದ ನಗು ಕಟ್ಟೆಯೊಡೆಯಿತು. ಮರುದಿನ ಕರಿಹಲಗೆಯ ಮೇಲೆ ಇಬ್ಬರ ಹೆಸರೂ ಒಟ್ಟಿಗೆ ಇತ್ತು, ಆಮೇಲೆ ಸೈಕಲ್ ನಿಲ್ಲಿಸುವ ಗೋಡೆಯ ಮೇಲೆ ಬಂತು. ಹುಡುಗ ಹುಡುಗಿಯರಿಬ್ಬರೂ ಇರುವ ಶಾಲೆಯಲ್ಲಿ ಓದಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಮಾತು ಮನೆಯವರೆಗೂ ಹೋಯಿತೆಂದು ಕೇಳಿದೆವು. ಅವಳು ಆ ವರ್ಷದ ಉಳಿದ ದಿನಗಳಲ್ಲಿ ಅವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒಮ್ಮೆ ಎಲ್ಲರೂ ಅವನನ್ನು ನೋಡಿ ನಗುವಾಗ ಅವಳೂ ನಕ್ಕದ್ದನ್ನು ನಾನು ಕಂಡೆ. ಅವತ್ತು ನನಗೆ ಸಮಾಧಾನವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ನಾಲೆಗೆ ಹಾರಿದವರು

ಹೆದರುಪುಕ್ಕಲರಾಗಿದ್ದುದರಿಂದ ಸುಮ್ಮನಿದ್ದೆವು ಎಂದು ಒಪ್ಪಿಕೊಂಡುಬಿಟ್ಟರೆ ಕಥೆ ಸುಲಭವಾಗಿ ಮುಗಿಯುತ್ತದೆ. ಆದರೆ ಅದೇ ವರ್ಷ ನಾವೇ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಸೇತುವೆಯ ಕಟ್ಟೆಯಿಂದ ಹಾರುತ್ತಿದ್ದೆವು. ನನಗೆ ಸರಿಯಾಗಿ ಈಜು ಬರುತ್ತಿರಲಿಲ್ಲ. ಕೆಳಗೆ ಗೆಳೆಯರು ನೋಡುತ್ತಿದ್ದರು, ಅದಕ್ಕೇ ಹಾರಿದೆ. ಅಮೆರಿಕದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿಹರೆಯದವರು ಕಂಪ್ಯೂಟರಿನ ಮೇಲೆ ಕಾರು ಓಡಿಸುವ ಆಟ ಆಡಿದರು: ಒಬ್ಬರೇ ಇದ್ದಾಗಿನದಕ್ಕಿಂತ ಓರಗೆಯವರು ಪಕ್ಕದಲ್ಲಿದ್ದಾಗ ಅವರು ಹೆಚ್ಚು ಅಪಾಯಕ್ಕೆ ಕೈಹಾಕಿದರು, ವಯಸ್ಕರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಆ ವಯಸ್ಸಿನಲ್ಲಿ ಧೈರ್ಯಕ್ಕೆ ಬರವಿರಲಿಲ್ಲ. ಗೆಳೆಯರ ಕಣ್ಣು ನಮ್ಮನ್ನು ನೀರಿಗೆ ತಳ್ಳುತ್ತಿತ್ತು. ಅದೇ ಕಣ್ಣು ನಾಲ್ಕು ಪದಗಳ ಒಂದು ವಾಕ್ಯವನ್ನು ಗಂಟಲಲ್ಲೇ ಹಿಡಿದು ನಿಲ್ಲಿಸುತ್ತಿತ್ತು. ಪ್ರಾಣ ಹೋದರೂ ಹೋಗಲಿ, ಗುಂಪಿನಿಂದ ಹೊರಗೆ ನಿಲ್ಲಬಾರದು ಎಂಬುದು ಎರಡು ಕಡೆಯೂ ಒಂದೇ.

1950ರ ದಶಕದಲ್ಲಿ ಸಾಲಮನ್ ಆಶ್ ನಡೆಸಿದ ಗೆರೆಗಳ ಪ್ರಯೋಗವನ್ನು ಮನಃಶಾಸ್ತ್ರ ಓದಿದವರೆಲ್ಲ ಬಲ್ಲರು: ಯಾವ ಗೆರೆ ಯಾವುದಕ್ಕೆ ಸಮ ಎಂಬ, ಮಗುವೂ ಹೇಳಬಲ್ಲ ಪ್ರಶ್ನೆಗೆ, ಮೊದಲೇ ಹೇಳಿಕೊಟ್ಟಿದ್ದವರೆಲ್ಲ ಒಕ್ಕೊರಲಿನಿಂದ ತಪ್ಪು ಉತ್ತರ ಹೇಳಿದಾಗ, ಏನೂ ಅರಿಯದೆ ಅವರ ನಡುವೆ ಕುಳಿತವನು ಹೆಚ್ಚುಕಡಿಮೆ ಮೂರರಲ್ಲೊಂದು ಸಲ ತಾನೂ ತಪ್ಪನ್ನೇ ಹೇಳಿದ. ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ 'ನೋಡಿ, ಮನುಷ್ಯ ಕುರಿ' ಎಂದುಬಿಡುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಅದರ ಮುಂದಿನ ಭಾಗ. ಆ ಗುಂಪಿನಲ್ಲಿ ಸರಿಯಾದ ಉತ್ತರ ಹೇಳುವ ಒಬ್ಬನೇ ಒಬ್ಬನನ್ನು ಸೇರಿಸಿದಾಗ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಆ ಜೊತೆಗಾರ ನಡುವೆ ನಿಲುವು ಬದಲಿಸಿ ಬಹುಮತದ ಕಡೆ ಸೇರಿಕೊಂಡಾಗ ತಪ್ಪುಗಳು ಮತ್ತೆ ಮೇಲೇರಿದವು. ಅದೇ ಅವನು ಏನೋ ಕೆಲಸದ ನೆಪ ಹೇಳಿ ಎದ್ದುಹೋದಾಗ ಅಷ್ಟು ಏರಲಿಲ್ಲ. ಜೊತೆಗಿದ್ದವನು ಹೋದದ್ದಕ್ಕಿಂತ ಅವನು ಆ ಕಡೆ ಸೇರಿಕೊಂಡದ್ದು ಹೆಚ್ಚು ಮುರಿಯುತ್ತದೆ. ಇದನ್ನು ಓದಿದಾಗ ನನಗೆ ಅವಳು ನಕ್ಕ ದಿನದ ಅವನ ಮುಖ ನೆನಪಾಯಿತು. ತರಗತಿ ಸಾಧಿಸಿದ್ದು ಅವಳನ್ನು ಸುಮ್ಮನಾಗಿಸಿದ್ದಷ್ಟೇ ಅಲ್ಲ.

ಕೆನಡಾದ ಟೊರಾಂಟೊದಲ್ಲಿ ಪ್ರಾಥಮಿಕ ಶಾಲೆಗಳ ಆಟದ ಬಯಲುಗಳನ್ನು ಕ್ಯಾಮೆರಾ ಇಟ್ಟು ಗಮನಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಒಬ್ಬರನ್ನು ಪೀಡಿಸುವ ಪ್ರಸಂಗಗಳಲ್ಲಿ ಶೇಕಡಾ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ಮಧ್ಯೆ ಬಂದದ್ದು ಶೇಕಡಾ 19ರಲ್ಲಿ ಮಾತ್ರ. ಆದರೆ ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇಕಡಾ 57ರಷ್ಟು, ಕೆಲವೇ ಸೆಕೆಂಡುಗಳಲ್ಲಿ ಅದು ನಿಂತಿತು. ಅವರು ನಮಗಿಂತ ಚಿಕ್ಕ ಮಕ್ಕಳು, ಊರು ಬೇರೆ, ಭಾಷೆ ಬೇರೆ. ಆದರೂ ಅವಳು ಎದ್ದು ನಿಂತಾಗ ತಾಳ ನಿಂತದ್ದನ್ನು ಕಿವಿಯಾರೆ ಕೇಳಿದವನಾಗಿ ನಾನು ಆ ಅಂಕಿಯನ್ನು ನಂಬುತ್ತೇನೆ. ನಿಂತ ತಾಳ ಮತ್ತೆ ಶುರುವಾಗದಿರಲು ಇನ್ನೊಂದು ದನಿ ಬೇಕಾಗಿತ್ತು. 'ಹೌದು, ಬಿಡ್ರೋ' ಎಂದರೆ ಸಾಕಾಗಿತ್ತು. ಅದೂ ಒಬ್ಬ ಹುಡುಗನ ದನಿಯಾಗಿದ್ದರೆ 'ಜೋಡಿ' ಎಂಬ ಕೂಗು ಹುಟ್ಟುತ್ತಲೇ ಇರಲಿಲ್ಲ.

ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲಿ ತರಗತಿಯ ಮಕ್ಕಳನ್ನು ಪೀಡಿಸುವವರು, ಅವರ ಕೈಯಾಳುಗಳು, ನಕ್ಕು ಹುರಿದುಂಬಿಸುವವರು, ದೂರ ಉಳಿಯುವವರು, ಕಾಪಾಡಲು ಬರುವವರು ಎಂದು ಬೇರೆ ಬೇರೆ ಪಾತ್ರಗಳಾಗಿ ಗುರುತಿಸಿದರು. ನಾನು ದೂರ ಉಳಿದವನೆಂದೇ ಬಹಳ ಕಾಲ ಅಂದುಕೊಂಡಿದ್ದೆ. ಪುಸ್ತಕ ಮೂಸಿ ದಾಟಿಸಿದವನು ಆ ಸಾಲಿಗೆ ಸೇರುವುದಿಲ್ಲ.

ಇವತ್ತಿನ ಶಾಲೆಗಳ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ಬರೆದಿರುತ್ತದೆ, ಒಳ್ಳೆಯದೇ. ಅದು ನೊಂದವನಿಗೆ ಒಂದು ಬಾಗಿಲು. ನೋಡುತ್ತ ನಿಂತವನಿಗೆ ಏನು ಹೇಳಿಕೊಡುತ್ತೇವೆ? ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಒಮ್ಮೆ ಅವಳಿಗೆ 'ನೀನು ತಲೆಹಾಕಲು ಹೋಗಬೇಡ, ಟೀಚರಿಗೆ ಹೇಳು' ಎಂದಿದ್ದೆ. ಅವಳು 'ಟೀಚರಿಗೆ ಹೇಳಿದ್ರೆ ಚಾಡಿಕೋರಿ ಅಂತಾರಪ್ಪ, ನಿಮಗೆ ಗೊತ್ತಾಗಲ್ಲ' ಎಂದಳು. ಗೊತ್ತಾಗದೆ ಏನು. ಪೀಡಿಸುವವನ ಮೇಲೆ ಏರಿಹೋಗುವುದೊಂದೇ ಶೌರ್ಯವೆಂದು ಸಿನಿಮಾ ಕಲಿಸಿದೆ, ಅದಕ್ಕೆ ಎಲ್ಲರ ಮೈಯಲ್ಲೂ ಕಸುವಿರುವುದಿಲ್ಲ. ಮೂಸದೆ ಪುಸ್ತಕವನ್ನು ಮುಚ್ಚಿ ಇಟ್ಟುಕೊಳ್ಳುವುದಿದೆ. ಮರುದಿನ ಅವನ ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚುವುದಿದೆ. ಯಾರಾದರೂ ಎದ್ದು ನಿಂತಾಗ ಕೆಳಗೆ ನೋಡದಿರುವುದಿದೆ. ನನ್ನ ಮಗಳಿಗೆ ನಾನು ಇವನ್ನು ಹೇಳಲಿಲ್ಲ, ಯಾಕೆಂದರೆ ಹೇಳಿದರೆ 'ನೀವು ಮಾಡಿದ್ರಾ ಅಪ್ಪ?' ಎಂದು ಕೇಳುತ್ತಿದ್ದಳು.

ಅವನು ಹತ್ತನೆಯ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟ. ನಮ್ಮಿಂದಲೇ ಬಿಟ್ಟ ಎಂದು ಹೇಳಲಾರೆ. ಮನೆಯ ಕಷ್ಟವೂ ಇತ್ತು. ನಮ್ಮಿಂದ ಅಲ್ಲವೆಂದೂ ಹೇಳಲಾರೆ. ಒಂದು ಬೆಳಗ್ಗೆ ಅವನ ಜಾಗ ಖಾಲಿ ಇತ್ತು, ವಾರದೊಳಗೆ ಅಲ್ಲಿ ಬೇರೊಬ್ಬ ಕುಳಿತ, ರೇಗಿಸಲು ಇನ್ನೊಬ್ಬ ಸಿಕ್ಕಿದ.

ಫೋಟೋ ಬಂದ ನಾಲ್ಕನೆಯ ರಾತ್ರಿ, 11 ಗಂಟೆ ಕಳೆದ ಮೇಲೆ, ನಾನು ಗುಂಪಿನಲ್ಲಿ ಅವನ ಹೆಸರನ್ನು ಇನಿಷಿಯಲ್ ಸಮೇತ ಬರೆದು ಕಳುಹಿಸಿದೆ. (ಇಲ್ಲಿ ಬರೆಯುತ್ತಿಲ್ಲ, ಅವನನ್ನು ಕೇಳಿಲ್ಲ, ಎಲ್ಲಿದ್ದಾನೆಂದೂ ತಿಳಿಯದು.) ಅದರ ಕೆಳಗೆ 'ಮಡ್ಡಿ ಅಲ್ಲ' ಎಂದಷ್ಟೇ ಸೇರಿಸಿದೆ. ಆಮೇಲೆ ಯಾರು ಯಾರು ಓದಿದರೆಂದು ನೋಡುತ್ತ ಕುಳಿತೆ. ಐದು, ಒಂಬತ್ತು, ಹದಿನಾಲ್ಕು. ಅವಳ ಹೆಸರೂ ಆ ಪಟ್ಟಿಯಲ್ಲಿ ಬಂತು. ಅವಳು ಏನೂ ಬರೆಯಲಿಲ್ಲ. ಬರೆಯಲಿ ಎಂದು ಕಾಯುವ ಹಕ್ಕು ನನಗಿಲ್ಲ. ಅಡುಗೆಯವರಿಗೆ ಮುಂಗಡ ಕೊಟ್ಟಾಯಿತೇ ಎಂದು ಯಾರೋ ಕೇಳಿದರು, ಮದ್ದೂರು ವಡೆ ಇರಲೇಬೇಕೆಂದು ಇನ್ನೊಬ್ಬರು ಹೇಳಿದರು, ಮಾತು ಆ ಕಡೆ ಹೋಯಿತು. ಹೊಟ್ಟೆಯೊಳಗೆ ತಣ್ಣಗಿನದೇನೋ ಇಳಿಯಿತು. ಅವಳು ನಿಂತೇ ಸುತ್ತ ನೋಡಿದ್ದು ಎಷ್ಟು ಹೊತ್ತು ಎಂದು ನಾನು ಅಂದು ಎಣಿಸಿರಲಿಲ್ಲ.

ಬೆಳಗ್ಗೆ ಎದ್ದಾಗ ನನ್ನ ಸಾಲಿನ ಕೆಳಗೆ ಒಂದು ಉತ್ತರವಿತ್ತು. ಡೆಸ್ಕಿನ ಮೇಲೆ ತಾಳ ಹಾಕುತ್ತಿದ್ದವನದು. 'ಇನಿಷಿಯಲ್ ಒಂದಲ್ಲ, ಎರಡು. ಮುಂದೆ ಕೆ ಬರುತ್ತೆ. ಹಾಜರೀಲಿ ಅವನು 37, ನಾನು 38.'